ಎದ್ದು ನಿಲ್ಲುವ ಅಕ್ಷರ

ಕನ್ನಡ ಮಾಧ್ಯಮದ ಐದನೇ ತರಗತಿಗೆ ಇಂಗ್ಲಿಷ್ ಹೇಳಿಕೊಡಲು ಹೋದವರಿಗೆ ಮೊದಲ ವಾರದಲ್ಲೇ ಒಂದು ಕಷ್ಟ ಎದುರಾಗುತ್ತದೆ. ತರಬೇತಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಭಾಷೆಯ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ರಾಜ ಎಂದು ಬರೆದರೂ ರಾಗಿ ಎಂದು ಬರೆದರೂ ರಾ ಅಕ್ಷರದ ಎತ್ತರ ಒಂದೇ. ನಾಲ್ಕು ವರ್ಷ ಹಾಗೆ ಬರೆದು ರೂಢಿಯಾದ ಮಗುವಿನ ಮುಂದೆ ನಾವು ಹೋಗಿ ನಿಂತು, ಒಂದೊಂದು ಅಕ್ಷರಕ್ಕೂ ಎರಡೆರಡು ರೂಪ ಇದೆ, ಮನುಷ್ಯರ ಹೆಸರು, ಊರಿನ ಹೆಸರು, ವಾರದ ಹೆಸರು ಬಂದರೆ ಮೊದಲಿನದು ದೊಡ್ಡದಾಗಬೇಕು ಎನ್ನುತ್ತೇವೆ. ಮಗು ಯಾಕೆ ಎನ್ನುತ್ತದೆ.

ನನ್ನ ಅಕ್ಕನ ಮೊಮ್ಮಗಳು ಈಚೆಗೆ ಸರ್ಕಾರಿ ಶಾಲೆಗೆ ನೇಮಕವಾದಳು. ಮೊನ್ನೆ ಮನೆಗೆ ಬಂದಾಗ ಇದನ್ನೇ ಕೇಳಿದಳು. "ಚಿಕ್ಕಜ್ಜಿ, ಕ್ಯಾಪಿಟಲ್ ಲೆಟರ್ ನೀವು ಹೇಗೆ ಹೇಳ್ಕೊಡ್ತಿದ್ರಿ? ನನ್ನ ಮಕ್ಕಳು ಎಲ್ಲಾನೂ ಸಣ್ಣದ್ರಲ್ಲೇ ಬರೀತವೆ." ನಾನು ನನ್ನ ವಿಧಾನ ಹೇಳಿದೆ. ಕಾಫಿ ಮುಗಿಯುವ ಮೊದಲೇ ಹೇಳಿ ಮುಗಿಯಿತು. ಸಕ್ಕತ್ತಾಗಿದೆ, ನಾಳೆಯಿಂದಲೇ ಶುರು ಮಾಡ್ತೀನಿ ಎಂದಳು. ಆ ವಿಧಾನಕ್ಕೆ ಅಂಟಿಕೊಂಡಿರುವ ಇನ್ನೊಂದು ಸಂಗತಿಯನ್ನು ನಾನು ಹೇಳಲಿಲ್ಲ. ಅವಳು ಓದಲೆಂದು ಬರೆಯುತ್ತಿದ್ದೇನೆ. ಓದಿದ ಮೇಲೂ ಆ ವಿಧಾನವನ್ನು ಬಳಸುತ್ತಾಳೋ ಇಲ್ಲವೋ ಅವಳಿಗೆ ಬಿಟ್ಟದ್ದು.

ಮೊದಲೇ ಒಂದು ಮಾತು. ನಾನು ದಿನಚರಿ ಬರೆಯುವವಳು, ಆಗಲೂ ಬರೆಯುತ್ತಿದ್ದೆ. ಆದರೆ ಆ ವರ್ಷಗಳ ದಿನಚರಿಯಲ್ಲಿ ಇರುವುದು ಬಸ್ಸು ತಪ್ಪಿದ್ದು, ತಲೆನೋವು, ರಜೆಯ ಅರ್ಜಿ. ನಾನು ಇಲ್ಲಿ ಹೇಳಲಿರುವ ದಿನದ ಬಗ್ಗೆ "ತಪಾಸಣೆ ಆಯಿತು, ತೊಂದರೆಯಾಗಲಿಲ್ಲ" ಎಂದಷ್ಟೇ ಇದೆ. ಹಾಗಾಗಿ ಮಿಕ್ಕಿದ್ದು ನೆನಪು. ನೆನಪು ತನಗೆ ಅನುಕೂಲವಾದ ಕಡೆ ವಾಲುತ್ತದೆ ಎಂದು ನನಗೆ ಗೊತ್ತು. ಖಾತ್ರಿ ಇಲ್ಲದ ಕಡೆ ಇಲ್ಲವೆಂದೇ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿಕೊಂಡು ಕಾಲೇಜಿನ ಕೆಲಸ ಸಿಗದೆ ಕಾಮಾಕ್ಷಿಪಾಳ್ಯದ ಪ್ರಾಥಮಿಕ ಶಾಲೆಗೆ ಬಂದಿದ್ದೆ. ರಾಜಾಜಿನಗರದ ಬಾಡಿಗೆ ಮನೆಯಿಂದ ನಡೆದೇ ಹೋಗುತ್ತಿದ್ದೆ. ಶಾಲೆಯ ಒಂದು ಪಕ್ಕಕ್ಕೆ ಮಗ್ಗದ ಷೆಡ್ಡು, ಇನ್ನೊಂದು ಪಕ್ಕಕ್ಕೆ ಲೇತ್ ವರ್ಕ್‌ಷಾಪು. ಕರೆಂಟು ಇರುವಷ್ಟು ಹೊತ್ತು ಕೂಗಿ ಪಾಠ ಹೇಳಬೇಕು. ಕರೆಂಟು ಹೋದರೆ ಇದ್ದಕ್ಕಿದ್ದಂತೆ ನಮ್ಮ ಕೂಗು ನಮಗೇ ಕೇಳಿಸಿ ಮಕ್ಕಳು ನಗುತ್ತಿದ್ದವು. ಅವುಗಳಲ್ಲಿ ಬಹಳಷ್ಟರ ತಾಯಂದಿರು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಬೆಳಿಗ್ಗೆ ಹೊಸೆದು ಬಂದ ಮಕ್ಕಳ ಕಾಪಿ ಪುಸ್ತಕದ ಅಂಚಿನಲ್ಲಿ ಕರಿ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಯಾರ ಮನೆಯಲ್ಲಿ ಆ ದಿನ ಕೆಲಸ ಇತ್ತು, ಯಾರ ಮನೆಯಲ್ಲಿ ಇರಲಿಲ್ಲ ಎಂದು ಅದನ್ನು ನೋಡಿ ಹೇಳಬಹುದಿತ್ತು.

ದೊಡ್ಡ ಅಕ್ಷರಕ್ಕೆ ನಾನು ಮೊದಲು ಹುಡುಕಿದ ಉಪಾಯ ಪೇಟ. ಹೆಸರು ಎಂದರೆ ಮರ್ಯಾದಸ್ತ, ಆದ್ದರಿಂದ ಅದರ ಮೊದಲ ಅಕ್ಷರ ಪೇಟ ಸುತ್ತಿಕೊಂಡು ಬರುತ್ತದೆ ಎಂದೆ. ಬೋರ್ಡಿನ ಮೇಲೆ ಅಕ್ಷರಕ್ಕೊಂದು ಪೇಟವನ್ನೂ ಬರೆದೆ. ಮಕ್ಕಳಿಗೆ ಬಹಳ ಹಿಡಿಸಿತು. ಮರುದಿನ ಮನೆಯವರ ಹೆಸರು ಬರೆದು ತನ್ನಿ ಎಂದರೆ ಎಲ್ಲರೂ ಬರೆದು ತಂದರು. ಅಪ್ಪ, ತಾತ, ಅಣ್ಣ, ಮಾವ ಎಲ್ಲರಿಗೂ ದೊಡ್ಡ ಅಕ್ಷರ. ಅಮ್ಮ, ಅಕ್ಕ, ಅಜ್ಜಿಯರಿಗೆಲ್ಲ ಚಿಕ್ಕದು. ಇಡೀ ತರಗತಿ, ಹುಡುಗಿಯರೂ ಸೇರಿ, ಒಂದೇ ತಪ್ಪು. ಯಾಕೋ ಹೀಗೆ ಎಂದರೆ ಮುಂದಿನ ಸಾಲಿನ ಹುಡುಗ ನನ್ನನ್ನೇ ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ಹೆಂಗಸ್ರು ಎಲ್ಲಾದ್ರೂ ಪೇಟ ಸುತ್ಕೊಳ್ತಾರಾ ಮಿಸ್?"

ಗಣಿತ ಹೇಳುತ್ತಿದ್ದ ನಂಜಪ್ಪ ಮೇಷ್ಟ್ರು ಇದನ್ನು ಕೇಳಿ ಒಂದು ವಾರ ನಕ್ಕರು. ಹೆಡ್‌ಮೇಷ್ಟ್ರು ನಗಲಿಲ್ಲ. ಅವರು ಖಾದಿ ಉಡುವ, ಮಾತು ಕಡಿಮೆಯ ಮನುಷ್ಯ. ಹೆಸರಿನ ವಿಷಯದಲ್ಲಿ ಬಹಳ ಬಿಗಿ. ಹೆಸರಿಗೆ ದೊಡ್ಡ ಅಕ್ಷರ ತಪ್ಪಿದರೆ ಪ್ರತಿ ತಪ್ಪಿಗೂ ಅರ್ಧ ಅಂಕ ಕಳೆಯಬೇಕೆಂಬುದು ಅವರ ನಿಯಮ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ನಾನು ತಿದ್ದಿದ ಮೇಲೆ ತಾವೂ ಕೆಂಪು ಪೆನ್ಸಿಲು ಹಿಡಿದು ನೋಡುತ್ತಿದ್ದರು. ನನ್ನನ್ನು ಕರೆದು, ಪೇಟ ಬಿಡಿ, ಬೇರೆ ಏನಾದರೂ ನೋಡಿ ಎಂದರು.

ಬೇರೆಯದು ಸಿಕ್ಕಿದ್ದು ಹಾಜರಿ ಕೂಗುವಾಗ. ಹೆಸರು ಕೂಗುತ್ತೇನೆ, ಆ ಹೆಸರಿನ ಮಗು ಎದ್ದು ನಿಂತು ಹಾಜರಿ ಎನ್ನುತ್ತದೆ, ಕೂರುತ್ತದೆ. ಹುಡುಗ, ಹುಡುಗಿ, ಬಡವ, ಬಲ್ಲಿದ ಯಾರಾದರೂ ಅಷ್ಟೇ. ಇದನ್ನೇ ಪಾಠ ಮಾಡಿದೆ. ಹೆಸರು ಬಂದರೆ ಅದರ ಮೊದಲ ಅಕ್ಷರ ಎದ್ದು ನಿಲ್ಲುತ್ತದೆ, ಮಿಕ್ಕವು ಕೂತಿರುತ್ತವೆ. ನಾನು ಬೋರ್ಡಿನಲ್ಲಿ ಹೆಸರು ಬರೆದಾಗಲೆಲ್ಲ ಆ ಹೆಸರಿನ ಮಗು ಎದ್ದು ನಿಲ್ಲಬೇಕು. ಊರಿನ ಹೆಸರಾದರೆ ಆ ಊರಿಂದ ಬರುವವರು ಏಳಬೇಕು. ಹೆಗ್ಗನಹಳ್ಳಿಯಿಂದ ಹೊಲಗಳನ್ನು ದಾಟಿ ಬರುತ್ತಿದ್ದ ಹುಡುಗನೊಬ್ಬ ತಮ್ಮ ಎಮ್ಮೆಯ ಹೆಸರು ಗೌರಿ ಎಂದ. ಅದನ್ನೂ ದೊಡ್ಡ ಅಕ್ಷರದಲ್ಲಿ ಬರೆದೆ. ಎಮ್ಮೆಗೂನಾ ಮಿಸ್, ಎಂದು ಗಲಾಟೆ ಎದ್ದಿತು. ಯಾವುದಕ್ಕಾದರೂ ಸರಿ, ಹೆಸರಿಟ್ಟರೆ ಸಾಕು, ಅದು ಎದ್ದು ನಿಂತು ನಿಮಗೆ ಕಾಣುತ್ತದೆ ಎಂದೆ. ಆ ಮಾತು ಹೇಳಿದ್ದು ನಾನೇ. ಅದರಲ್ಲಿ ನನಗೆ ಸಂಶಯವಿಲ್ಲ.

ಆ ತರಗತಿಯಲ್ಲಿ ರತ್ನ ಎಂಬ ಹುಡುಗಿ ಇದ್ದಳು. ತಂದೆ ಲೇತ್ ವರ್ಕ್‌ಷಾಪಿನಲ್ಲಿ ಕೆಲಸಕ್ಕಿದ್ದ. ತಾಯಿಯೂ ಅಜ್ಜಿಯೂ ಊದುಬತ್ತಿ ಹೊಸೆಯುತ್ತಿದ್ದರು. ಅವರ ಗಲ್ಲಿಯ ಹುಡುಗಿಯರಲ್ಲಿ ನಾಲ್ಕನೇ ತರಗತಿ ದಾಟಿದವಳು ಇವಳೊಬ್ಬಳೇ. ಅಕ್ಷರ ಎಂದರೆ ಅವಳಿಗೆ ಎಷ್ಟು ಇಷ್ಟ ಎಂದರೆ, ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದೊಡ್ಡ ಅಕ್ಷರ ಮೇಲಿನ ಗೆರೆಯನ್ನು ಸರಿಯಾಗಿ ಮುಟ್ಟದಿದ್ದರೆ ಅಳಿಸಿ ಮತ್ತೆ ಬರೆಯುತ್ತಿದ್ದಳು. ಅವಳನ್ನು ಮಾಗಡಿ ರಸ್ತೆ ದಾಟಿಸಿ ಹೈಸ್ಕೂಲಿಗೆ ಕಳಿಸಬೇಕು ಎಂಬುದು ನನ್ನ ಆಸೆಯಾಗಿತ್ತು. ಅಜ್ಜಿ ಸಿದ್ದಮ್ಮ ಒಪ್ಪಬೇಕಿತ್ತು. ಆ ಮನೆಯಲ್ಲಿ ಎಲ್ಲವೂ ಸಿದ್ದಮ್ಮನ ಮಾತಿನಂತೆ.

ಆ ಮನೆಯಲ್ಲಿ ರತ್ನಳಾದ ಮೇಲೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ಮೇಲೇ ಹೋಗಿದ್ದವು. ಹಾಗಾಗಿ ಸಿದ್ದಮ್ಮ ಒಂದು ಕಟ್ಟುಪಾಡು ಮಾಡಿದ್ದಳು. ಇನ್ನು ಹುಟ್ಟುವ ಕೂಸು ತಾನಾಗಿ ಅಂಬೆಗಾಲಿಟ್ಟು ಹೊಸಿಲು ದಾಟುವವರೆಗೆ ಹೆಸರಿಲ್ಲ. ತೊಟ್ಟಿಲ ಶಾಸ್ತ್ರವಿಲ್ಲ, ಹೊಗಳುವುದಿಲ್ಲ. ಮನೆಯಲ್ಲಿ ಅದನ್ನು "ಅದು" ಎನ್ನುತ್ತಿದ್ದರು. ಅದು ಎದ್ದಿತು, ಅದು ಹಾಲು ಕುಡೀತು. ಸಾವಿಗೆ ಗುರುತು ಸಿಗದಿರಲಿ ಎಂದು. ಇಂಥ ಪದ್ಧತಿ ಬೇರೆ ಮನೆಗಳಲ್ಲೂ ಬೇರೆ ಬೇರೆ ರೂಪದಲ್ಲಿತ್ತು. ತಿಪ್ಪ, ಕಲ್ಲ ಎಂದೆಲ್ಲ ಹೆಸರಿಟ್ಟುಕೊಂಡ ಮಕ್ಕಳು ನನ್ನ ತರಗತಿಯಲ್ಲೇ ಇದ್ದವು. ಆದರೆ ರತ್ನಳ ಮನೆಯ ಈ ಕಟ್ಟುಪಾಡು ನನಗೆ ಆಗ ತಿಳಿದಿರಲಿಲ್ಲ. ತಿಳಿದಿರಲಿಲ್ಲ ಎಂದೇ ನೆನಪು.

ಆ ವರ್ಷ ಗಂಡು ಕೂಸು ಹುಟ್ಟಿತ್ತು. ಅದು ಕೆಲವು ತಿಂಗಳದ್ದಾಗಿದ್ದಾಗ ನಮ್ಮ ಶಾಲೆಗೆ ತಪಾಸಣೆ ಬಂತು. ಇನ್ಸ್‌ಪೆಕ್ಟರು ವಯಸ್ಸಾದವರು, ಮಕ್ಕಳೆಂದರೆ ಪ್ರೀತಿ ಇರುವವರು, ಗದರುವ ಜಾತಿಯಲ್ಲ. ಐದನೇ ತರಗತಿಗೆ ಬಂದು ಯಾರಾದರೂ ಬೋರ್ಡಿಗೆ ಬಂದು ಮನೆಯವರ ಬಗ್ಗೆ ಬರೆಯಿರಿ ಎಂದರು. ನಾನು ರತ್ನಳನ್ನು ಕಳಿಸಿದೆ. ಅಪ್ಪನ ಹೆಸರು, ಅಮ್ಮನ ಹೆಸರು, ಅಜ್ಜಿಯ ಹೆಸರು, ತಾನಿರುವ ಊರು ಎಲ್ಲ ಬರೆದಳು. ಎಲ್ಲವೂ ಎದ್ದು ನಿಂತಿದ್ದವು. ಕೊನೆಗೆ ತಮ್ಮ ಇದ್ದಾನೆ ಎಂದು ಬರೆದು ನಿಲ್ಲಿಸಿದಳು.

"ತಮ್ಮನ ಹೆಸರು?" ಎಂದರು ಇನ್ಸ್‌ಪೆಕ್ಟರು.

"ಅದಕ್ಕೆ ಹೆಸರಿಲ್ಲ ಸಾರ್."

"ಹೆಸರಿಲ್ಲದ ತಮ್ಮ ಎಲ್ಲಾದ್ರೂ ಇರ್ತಾನೇನಮ್ಮ? ಸರಿ, ನಾವೇ ಇಡೋಣ ಬಿಡು. ಮೋಹನ. ಚೆನ್ನಾಗಿದೆಯಾ? ಬರಿ."

ರತ್ನ ನನ್ನ ಮುಖ ನೋಡಿದಳು. ನಾನು ಬರಿ ಎಂದು ತಲೆಯಾಡಿಸಿದೆ. ಇಲ್ಲಿ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಸಾಲದು. ಕೆಲವು ಸಲ ಇನ್ಸ್‌ಪೆಕ್ಟರು ಯಾವುದಾದರೂ ಹೆಸರು ಬರಿ ಎಂದಷ್ಟೇ ಹೇಳಿದರು, ಮೋಹನ ಎಂದವಳು ನಾನು ಎಂದು ಅನ್ನಿಸುತ್ತದೆ. ವರ್ಷಗಳ ಮೇಲೆ ನಂಜಪ್ಪ ಮೇಷ್ಟ್ರನ್ನು ಕೇಳಿದೆ. ಆ ದಿನ ಅವರು ಬಾಗಿಲಲ್ಲಿ ನಿಂತಿದ್ದರು. ಹೆಸರಿಟ್ಟಿದ್ದು ಇನ್ಸ್‌ಪೆಕ್ಟರೇ ಕಣಮ್ಮ, ನೀವಲ್ಲ, ಎಂದರು. ಆದರೆ ಅವರು ನನಗೆ ಬೇಸರವಾಗುವ ಮಾತನ್ನು ಎಂದೂ ಆಡಿದವರಲ್ಲ. ಯಾರೇ ಹೇಳಿರಲಿ, ರತ್ನ ಬರೆದಳು. ಮೇಲಿನ ಗೆರೆ ಇಲ್ಲದ ಬೋರ್ಡಿನ ಮೇಲೂ ದೊಡ್ಡ ಎಂ ಅಕ್ಷರವನ್ನು ಗೆರೆ ಹಿಡಿದಂತೆ ನಿಲ್ಲಿಸಿದಳು. ಎಲ್ಲರೂ ಓದಿ ಎಂದರು ಇನ್ಸ್‌ಪೆಕ್ಟರು. ತರಗತಿ ಒಂದೇ ದನಿಯಲ್ಲಿ ಓದಿತು. ಅವರು ಚಪ್ಪಾಳೆ ತಟ್ಟಿಸಿದರು.

ರತ್ನ ಸಂತೋಷದಿಂದ ಮನೆಗೆ ಹೋಗಿ ಹೇಳಿದಳು.

ನಾಲ್ಕಾರು ದಿನ ಕಳೆದಿರಬೇಕು, ಸಿದ್ದಮ್ಮ ಶಾಲೆಗೆ ಬಂದಳು. ಹಣೆಗೆ ವಿಭೂತಿ, ಬೆರಳೆಲ್ಲ ಕಪ್ಪು. ರತ್ನಳ ಕೈ ಹಿಡಿದುಕೊಂಡಿದ್ದಳು. ಕೂಸಿಗೆ ಭೇದಿ ಹತ್ತಿತ್ತು. ಅದು ಬೇಸಿಗೆ, ಗಲ್ಲಿಯ ನಲ್ಲಿಯಲ್ಲಿ ನೀರು ಬರುವುದೇ ಒಂದು ಹೊತ್ತು, ಅದೂ ಚರಂಡಿಯ ಪಕ್ಕದಲ್ಲಿ. ಆ ತಿಂಗಳು ನಮ್ಮ ತರಗತಿಯಲ್ಲೂ ಎಷ್ಟೋ ಮಕ್ಕಳಿಗೆ ಭೇದಿಯಾಗಿತ್ತು. ಇದನ್ನೆಲ್ಲ ನಾನು ಅವಳಿಗೆ ಹೇಳಿದೆ. ನೀರು ಕಾಯಿಸಿ ಕೊಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಸಿದ್ದಮ್ಮ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಮಾಡ್ತೀವಿ ಮೇಷ್ಟ್ರಮ್ಮ. ನಿಮ್ ಮೇಲೆ ನಂಗೆ ಕ್ವಾಪ ಇಲ್ಲ. ಬರ್ದಿದ್ದನ್ನ ನನ್ ಕಣ್ಮುಂದೆ ಅಳಿಸ್ಬುಡಿ, ಅಷ್ಟೇ."

"ಅದು ಅವತ್ತೇ ಅಳಿಸಿ ಹೋಯ್ತು ಸಿದ್ದಮ್ಮ. ದಿನಾ ಬೋರ್ಡ್ ಒರೆಸ್ತೀವಿ."

"ನಾನು ನೋಡಿಲ್ವಲ್ಲ. ಇಷ್ಟೂ ಮಕ್ಳು ಒಟ್ಗೆ ಓದ್ದೋವಂತೆ. ಓದ್ದೋರ ಮುಂದೇನೇ ಅಳಿಸ್ಬೇಕು."

ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದಿದ್ದರು. ಇದು ಪಾಠಶಾಲೆ ಕಣಮ್ಮ, ಇಲ್ಲಿ ಇಂಥದ್ದೆಲ್ಲ ನಡೆಯಲ್ಲ, ಎಂದರು. ಸಿದ್ದಮ್ಮ ವಾದಿಸಲಿಲ್ಲ. ನೆಲದ ಮೇಲೆ, ಮಕ್ಕಳ ಪಕ್ಕದಲ್ಲೇ ಕೂತಳು. ಹೆಡ್‌ಮೇಷ್ಟ್ರು ಅವಳನ್ನೂ ನನ್ನನ್ನೂ ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಒರೆಸಿಕೊಂಡು, ನಾನು ಪೋಸ್ಟಾಫೀಸಿಗೆ ಹೋಗಿ ಬರ್ತೀನಿ ಎಂದು ಛತ್ರಿ ಹಿಡಿದು ಹೊರಟೇಬಿಟ್ಟರು. ಮೇಲಧಿಕಾರಿಗಳ ಬಗ್ಗೆ ಬರೆಯುವವರು ಅವರ ಆಜ್ಞೆಗಳನ್ನು ಬರೆಯುತ್ತಾರೆ. ನನ್ನ ಮೇಲಧಿಕಾರಿ ಮಾಡಿದ ದೊಡ್ಡ ಉಪಕಾರ ಎಂದರೆ ಅವತ್ತು ಪೋಸ್ಟಾಫೀಸಿಗೆ ಹೋದದ್ದು.

ನಾನು ಸೀಮೆಸುಣ್ಣ ತೆಗೆದುಕೊಂಡೆ. ಸಿದ್ದಮ್ಮ ಬೇಡವೆಂದು ತಲೆಯಾಡಿಸಿದಳು. "ನೀವಲ್ಲ. ಬರ್ದ ಕೈನೇ ಬರೀಲಿ, ಆ ಕೈನೇ ಒರೆಸ್ಲಿ."

ರತ್ನ ಬೋರ್ಡಿಗೆ ಹೋದಳು. ಮೋಹನ ಎಂದು ಬರೆದಳು, ಮೊದಲಿನ ಹಾಗೆಯೇ. ಯಾರೋ ಒಬ್ಬ ರೂಢಿಯಂತೆ ಓದಲು ಬಾಯಿ ತೆರೆದ. ಪಕ್ಕದವಳು ಅವನ ಬಾಯಿ ಮುಚ್ಚಿದಳು. ಸಿದ್ದಮ್ಮ ಎದ್ದು ತನ್ನ ಸೆರಗಿನ ತುದಿಯನ್ನು ತರಗತಿಯ ಮಡಕೆಯ ನೀರಿನಲ್ಲಿ ಅದ್ದಿ ಮೊಮ್ಮಗಳ ಕೈಗೆ ಕೊಟ್ಟಳು. ರತ್ನ ಒರೆಸಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಿಂದ ಆ ಜಾಗ ಮಾತ್ರ ಅಪ್ಪಟ ಕಪ್ಪಾಗಿ ಹೊಳೆಯಿತು, ಒಣಗಿದ ಮೇಲೆ ಬೂದುಬಣ್ಣಕ್ಕೆ ತಿರುಗಿತು. ಮಗ್ಗದ ಸದ್ದು ಇತ್ತೋ ಇಲ್ಲವೋ ಜ್ಞಾಪಕವಿಲ್ಲ. ನನ್ನ ನೆನಪಿನಲ್ಲಿ ಆ ಹೊತ್ತು ನಿಶ್ಶಬ್ದವಾಗಿದೆ. ಹಾಗೆ ಇದ್ದಿರಲಾರದು.

ಯುವ ಶಿಕ್ಷಕರು ಇಲ್ಲಿ ನನ್ನನ್ನು ಕೇಳಬಹುದು, ಎಂ.ಎ. ಓದಿದವಳು ತರಗತಿಯಲ್ಲಿ ಇಂಥದ್ದಕ್ಕೆ ಹೇಗೆ ಒಪ್ಪಿದಿರಿ ಎಂದು. ಆಗ ನನಗೆ ಅನ್ನಿಸಿದ್ದು, ಅಜ್ಜಿಗೆ ಸಮಾಧಾನವಾದರೆ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ ಎಂದು. ಅಷ್ಟೇ ಯೋಚಿಸಿದೆ. ಅಜ್ಜಿಯನ್ನು ನೋಡುತ್ತಿದ್ದೆನೇ ಹೊರತು ಬಟ್ಟೆ ಹಿಡಿದು ನಿಂತಿದ್ದವಳನ್ನು ನೋಡಲಿಲ್ಲ.

ಕೂಸು ಸ್ವಲ್ಪ ಚೇತರಿಸಿಕೊಂಡಿತು ಎಂದು ಸುದ್ದಿ ಬಂತು. ಆಮೇಲೆ ಮತ್ತೆ ಜೋರಾಯಿತು. ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರು. ಚೀಟಿ ಓದುವುದಕ್ಕೆ ಇರಲಿ ಎಂದು ತಂದೆ ರತ್ನಳನ್ನೂ ಕರೆದುಕೊಂಡು ಹೋದ. ಚೀಟಿ ಬರೆಯುವವನು ಮಗುವಿನ ಹೆಸರು ಕೇಳಿದ. ಇಲ್ಲ ಎಂದರೆ ಕೇಳಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ರತ್ನಳ ತಂದೆ ತನಗೆ ಗೊತ್ತಿದ್ದ ಒಂದೇ ಹೆಸರನ್ನು ಹೇಳಿದ, ಮೋಹನ. ಚೀಟಿಯನ್ನು ರತ್ನಳ ಕೈಗೆ ಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ.

ಕೂಸು ಅಲ್ಲೇ ತೀರಿಕೊಂಡಿತು.

ನಾನು ಅವರ ಮನೆಗೆ ಹೋಗಿ ಬಂದೆ. ಕೂರಲು ಚಾಪೆ ಹಾಕಿದರು. ಇನ್ನು ರತ್ನಳನ್ನು ಕಳಿಸುವುದಿಲ್ಲ ಎಂದುಕೊಂಡೆ. ಹಾಜರಿಯಲ್ಲಿ ಅವಳ ಹೆಸರು ಕೂಗುತ್ತಿದ್ದೆ, ಯಾರೂ ಏಳುತ್ತಿರಲಿಲ್ಲ. ಆದರೆ ಸೂತಕ ಕಳೆದ ಮೇಲೆ ಸಿದ್ದಮ್ಮ ತಾನೇ ಅವಳನ್ನು ಕರೆತಂದಳು. ಶಾಲೆಯ ಕಟ್ಟೆಯ ಹತ್ತಿರ ನಿಂತು ಹೇಳಿದಳು: "ನೀವು ಒರೆಸೋಕೆ ಬಿಟ್ರಿ. ಆಸ್ಪತ್ರೇಲಿ ಇವ್ರಪ್ಪ ಮತ್ತೆ ಬರೆಸ್ದ. ನಿಮ್ದೇನಿದೆ ಅದ್ರಲ್ಲಿ? ಇವ್ಳು ಓದ್ಲಿ. ಒಂದ್ ಮಾತು ಮೇಷ್ಟ್ರಮ್ಮ. ಪಾಸಾಗೋವರ್ಗೂ ಓದ್ತಾಳೆ. ಫೇಲಾದ್ರೆ ಅವತ್ತೇ ಬಿಡಿಸಿ ಬತ್ತಿಗೆ ಕೂರಿಸ್ತೀನಿ."

ಇದು ನ್ಯಾಯವಾದ ಮಾತು ಎಂದು ನನಗೆ ಅನ್ನಿಸಿತು. ರತ್ನ ಫೇಲಾಗುವ ಹುಡುಗಿಯಲ್ಲ ಎಂದೂ ಅಂದುಕೊಂಡೆ.

ಮೊದಲು ಗಮನಕ್ಕೆ ಬಂದದ್ದು ಹಾಜರಿಯಲ್ಲಿ. ರತ್ನ ಕೂತಲ್ಲಿಂದಲೇ ಹಾಜರಿ ಎನ್ನುತ್ತಿದ್ದಳು. ದುಃಖದಲ್ಲಿದ್ದಾಳೆ, ಇರಲಿ ಎಂದು ಬಿಟ್ಟೆ. ಆಮೇಲೆ ಕಾಪಿ ಪುಸ್ತಕ ನೋಡಿದೆ. ಬರಹ ಮೊದಲಿಗಿಂತಲೂ ಅಚ್ಚುಕಟ್ಟು. ವಾಕ್ಯದ ಮೊದಲಲ್ಲಿ ದೊಡ್ಡ ಅಕ್ಷರ ಇತ್ತು. ಹೆಸರುಗಳೆಲ್ಲ ಚಿಕ್ಕದರಲ್ಲಿದ್ದವು. ಅಪ್ಪ, ಅಮ್ಮ, ಅಜ್ಜಿ, ಗೆಳತಿಯರು, ಕಾಮಾಕ್ಷಿಪಾಳ್ಯ. ಹೊದಿಕೆಯ ಮೇಲೆ ಮೊದಲು ಬರೆದಿದ್ದ ತನ್ನ ಹೆಸರಿನ ದೊಡ್ಡ ಆರ್ ಅಕ್ಷರವನ್ನು ಉಗುರಿನಲ್ಲಿ ಕೆರೆದು ಚಿಕ್ಕದು ಮಾಡಿದ್ದಳು. ಇಂಗ್ಲಿಷಿನಲ್ಲಿ ನಾನು ಎಂಬುದಕ್ಕೆ ಒಂದೇ ಅಕ್ಷರ, ಅದು ಯಾವಾಗಲೂ ದೊಡ್ಡದು. ಅದೂ ಚಿಕ್ಕದಾಗಿತ್ತು, ತಲೆಯ ಮೇಲೊಂದು ಚುಕ್ಕಿ ಹೊತ್ತುಕೊಂಡು.

ಮರೆತಿದ್ದಾಳೆ ಎಂದುಕೊಂಡು ತಿದ್ದಿ ಕೊಟ್ಟೆ. ಮರುದಿನವೂ ಹಾಗೆಯೇ. ಬಿಡುವಿನಲ್ಲಿ, ಬೇರೆ ಮಕ್ಕಳು ಶಾಲೆಯಲ್ಲಿ ಕೊಡುವ ಹಳದಿ ಉಪ್ಪಿಟ್ಟಿಗೆ ಸಾಲು ನಿಂತಿದ್ದಾಗ, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ.

"ಗೊತ್ತಿದೆ ತಾನೇ ನಿನಗೆ?"

"ಗೊತ್ತು ಮಿಸ್."

"ಮತ್ತೆ ಯಾಕೆ?"

"ಎದ್ದು ನಿಂತ್ರೆ ಕಾಣುತ್ತಲ್ಲ ಮಿಸ್," ಎಂದಳು. "ಕೂತಿದ್ರೆ ಕಾಣಲ್ಲ."

ನೀವೇ ಹೇಳಿದ್ದು ಎಂದು ಅವಳು ಸೇರಿಸಲಿಲ್ಲ. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಕಲಿತ ಪಾಠವನ್ನು ಒಪ್ಪಿಸುವ ದನಿ.

ಏನೇನು ಹೇಳಿದೆ ಎಂದು ಈಗ ಪಟ್ಟಿ ಮಾಡಲಾರೆ. ಅದು ಆಟಕ್ಕೆ ಹೇಳಿದ್ದು ಎಂದೆ. ನೋಡು, ನನ್ನ ಹೆಸರು ದಿನಾ ದೊಡ್ಡದರಲ್ಲೇ ಬರೆಯುತ್ತೇನೆ, ನನಗೇನಾಗಿದೆ ಎಂದೆ. ಅವಳು ತಲೆದೂಗುತ್ತಿದ್ದಳು, ಬರೆಯುವಾಗ ಚಿಕ್ಕದೇ ಬರೆಯುತ್ತಿದ್ದಳು. ನಾನು ಹೇಳಿದ್ದಕ್ಕಿಂತ ಅವಳು ಕೈಯಾರೆ ಮಾಡಿದ್ದು ದೊಡ್ಡದಾಗಿತ್ತು. ಒರೆಸಿದಾಗ ಕೂಸು ಚೇತರಿಸಿಕೊಂಡಿತ್ತು, ಮತ್ತೆ ಬರೆದಾಗ ಹೋಯಿತು. ಎರಡನ್ನೂ ಅವಳು ಕಣ್ಣಾರೆ ನೋಡಿದ್ದಳು. ನನ್ನ ಹತ್ತಿರ ಇದ್ದದ್ದು ಬರೀ ಮಾತು. ನನ್ನ ಮಾತಿನ ಮೇಲೆ ನನಗೇ ಎಷ್ಟು ಭರವಸೆ ಇತ್ತೋ ಹೇಳಲಾರೆ. ಮುಂದೆ ನನ್ನ ಮಗಳು ಹುಟ್ಟಿದಾಗ ನಾಮಕರಣವನ್ನು ಏನೇನೋ ನೆಪ ಹೇಳಿ ಮುಂದಕ್ಕೆ ಹಾಕಿದೆ. ಮನೆಯವರಿಗೆ ಹೇಳಿದ ಕಾರಣಗಳು ಯಾವುವೂ ನಿಜವಲ್ಲ.

ಐದನೇ ತರಗತಿಯ ಪರೀಕ್ಷೆ ಹತ್ತಿರ ಬಂತು. ಹೆಡ್‌ಮೇಷ್ಟ್ರ ಕೆಂಪು ಪೆನ್ಸಿಲು, ಹೆಸರಿಗೆ ಅರ್ಧ ಅಂಕ. ಹಾಗೆ ಕಳೆದರೆ ರತ್ನ ಉಳಿಯುವುದಿಲ್ಲ. ಸಿದ್ದಮ್ಮ ತನ್ನ ಮಾತಿಗೆ ತಪ್ಪುವವಳಲ್ಲ. ಪ್ರಶ್ನೆಪತ್ರಿಕೆ ಮಾಡುವವಳು ನಾನೇ ಆಗಿದ್ದರಿಂದ ಹೆಸರೇ ಬೇಡದ ಪತ್ರಿಕೆ ಮಾಡಿದೆ. ಹಸುವಿನ ಬಗ್ಗೆ ಬರೆಯಿರಿ. ಮರದಿಂದ ಏನೇನು ಸಿಗುತ್ತದೆ? ಬಿಟ್ಟ ಸ್ಥಳ ತುಂಬಿ: ಮೊಲ, ಆಮೆ, ಬಾವಿ. ಮನುಷ್ಯನೆಂಬ ಪ್ರಾಣಿ ಆ ಪತ್ರಿಕೆಯಲ್ಲಿ ಇರಲಿಲ್ಲ. ರತ್ನ ಹಸುವನ್ನು ವಾಕ್ಯದ ಮೊದಲಲ್ಲಿ ಧೈರ್ಯವಾಗಿ ದೊಡ್ಡ ಅಕ್ಷರದಿಂದ ಬರೆದು ಎಲ್ಲರಿಗಿಂತ ಚೆನ್ನಾಗಿ ಪಾಸಾದಳು. ಆರನೇ ತರಗತಿಯಲ್ಲೂ ಹಾಗೇ ಮಾಡಿದೆ. ಹೆಡ್‌ಮೇಷ್ಟ್ರು ಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮ, ಈ ಸಲವೂ ಬರೀ ಎಮ್ಮೆ ಹಸುನೇ? ನಾವೇನು ಪಶುವೈದ್ಯರನ್ನ ತಯಾರು ಮಾಡ್ತಿದೀವಾ?" ಎಂದರು. ಆಮೇಲೆ ಸಹಿ ಹಾಕಿದರು. ಅವರಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ.

ಆ ಹೊತ್ತಿಗೆ ನಮಗೆ ಹೊಸ ಪದ್ಧತಿಯ ತರಬೇತಿ ಕೊಟ್ಟರು. ನಿಯಮ ಹೇಳಬೇಡಿ, ಕತೆ ಕಟ್ಟಬೇಡಿ, ವಾಕ್ಯದ ಮಾದರಿ ಕೊಟ್ಟು ಮತ್ತೆ ಮತ್ತೆ ಹೇಳಿಸಿ, ಮತ್ತೆ ಮತ್ತೆ ಬರೆಸಿ, ತಾನಾಗಿ ಬರುತ್ತದೆ ಎಂದರು. ನಾನು ಹೊಸ ಪದ್ಧತಿಯನ್ನು ಇಷ್ಟಪಟ್ಟು ಹಿಡಿದದ್ದು ಅದು ಒಳ್ಳೆಯದೆಂದಲ್ಲ, ಅದರಲ್ಲಿ ಯಾರೂ ಎದ್ದು ನಿಲ್ಲಬೇಕಾಗಿರಲಿಲ್ಲ ಎಂದು.

ಏಳನೇ ತರಗತಿಯದು ಪಬ್ಲಿಕ್ ಪರೀಕ್ಷೆ. ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ, ಉತ್ತರ ಪತ್ರಿಕೆ ಹೊರಗೆ ಹೋಗುತ್ತದೆ. ಪತ್ರಲೇಖನ ತಪ್ಪದೆ ಇರುತ್ತದೆ. ಹೆಸರು, ವಿಳಾಸ, ತಿಂಗಳು ಎಲ್ಲ ಬರುತ್ತವೆ. ಆ ವರ್ಷ ರತ್ನಳ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿತ್ತು, ಹೆಣ್ಣು. ಅದೂ "ಅದು". ರತ್ನ ಶಾಲೆಯಿಂದ ಹೋದವಳೇ ಅದನ್ನು ಎತ್ತಿಕೊಳ್ಳುತ್ತಿದ್ದಳಂತೆ. ಅವಳಿಗೆ ಬರೆಯಲು ಹೇಳುವುದು ಮೊದಲಿಗಿಂತ ಕಷ್ಟವಾಯಿತು ಎಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆಗೆ ಮುಂಚೆ ಕೊನೆಯ ಸಲ ಕೂರಿಸಿಕೊಂಡು ಹೇಳಿದೆ. ಇದೊಂದು ದಿನ ಬರಿ, ಆಮೇಲೆ ಜೀವಮಾನದಲ್ಲಿ ಬರೆಯಬೇಡ, ನಾನು ಕೇಳುವುದಿಲ್ಲ. ನಿಮ್ಮ ಮನೆಯವರ ಹೆಸರು ಬೇಡ, ಯಾವುದಾದರೂ ಸುಳ್ಳು ಹೆಸರು ಬರಿ.

"ಆ ಹೆಸ್ರಿನೋರು ಎಲ್ಲಾದ್ರೂ ಇರ್ತಾರಲ್ಲ ಮಿಸ್."

"ಉತ್ತರ ಪತ್ರಿಕೆ ದೂರ ಹೋಗುತ್ತೆ ಕಣೇ. ಯಾರೋ ಗೊತ್ತಿಲ್ಲದವರು ನೋಡ್ತಾರೆ, ಅಷ್ಟೇ."

"ಅದಕ್ಕೇ ಮಿಸ್," ಎಂದಳು.

ರತ್ನ ಇಂಗ್ಲಿಷಿನಲ್ಲಿ ಫೇಲಾದಳು. ಮಿಕ್ಕ ವಿಷಯಗಳಲ್ಲಿ ಒಳ್ಳೆಯ ಅಂಕಗಳಿದ್ದವು. ಪತ್ರ ಬರೆದಳೋ, ಬಿಟ್ಟಳೋ, ಬರೆದು ಅಂಕ ಕಳೆದುಕೊಂಡಳೋ ನನಗೆ ಗೊತ್ತಿಲ್ಲ. ಬರೀ ದೊಡ್ಡ ಅಕ್ಷರಕ್ಕಾಗಿ ಯಾರೂ ಅಷ್ಟು ಅಂಕ ಕಳೆಯುವುದಿಲ್ಲ, ಬೇರೇನೋ ಆಗಿರಬೇಕು ಎಂದು ನಂಜಪ್ಪ ಮೇಷ್ಟ್ರು ಹೇಳಿದರು. ಇರಬಹುದು. ಜ್ವರ ಬಂದಿರಬಹುದು, ಸಮಯ ಸಾಲದೆ ಹೋಗಿರಬಹುದು. ಇದು ನನ್ನಿಂದಲೇ ಆಯಿತು ಎಂದುಕೊಳ್ಳುವುದರಲ್ಲೂ ಒಂದು ಅಹಂಕಾರ ಇದೆ. ಅದನ್ನೂ ನಾನು ನಂಬುವುದಿಲ್ಲ. ನೀರು ಚರಂಡಿಯ ಪಕ್ಕದಲ್ಲಿ ಬರುತ್ತಿತ್ತು. ಅದು ಮಾತ್ರ ನಿಶ್ಚಯ.

ಮತ್ತೆ ಪರೀಕ್ಷೆಗೆ ಕೂರಿಸೋಣ ಎಂದು ಕೇಳಲು ಅವರ ಮನೆಗೆ ಹೋದೆ. ಸಿದ್ದಮ್ಮ ಮಣೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಯಾಗಿತ್ತು. "ಮಾತು ಮಾತೇ ಮೇಷ್ಟ್ರಮ್ಮ," ಎಂದಳು. ಕೋಪದಿಂದಲ್ಲ.

ಬಿಟ್ಟ ಮಕ್ಕಳು ಟಿ.ಸಿ. ತೆಗೆದುಕೊಂಡು ಹೋಗಬೇಕೆಂದು ಹೆಡ್‌ಮೇಷ್ಟ್ರ ಕಟ್ಟುನಿಟ್ಟು. ರತ್ನ ಬಂದಳು. ಕಂಕುಳಲ್ಲಿ ತಂಗಿ. ಕೂಸು ಗಟ್ಟಿಯಾಗಿತ್ತು, ಹೆಡ್‌ಮೇಷ್ಟ್ರ ಮೇಜಿನ ಮೇಲಿದ್ದ ಗಂಟೆಯ ಕಡೆಗೆ ಕೈ ಚಾಚುತ್ತಿತ್ತು. ಅವರು ಗಂಟೆಯನ್ನು ಅದರ ಹತ್ತಿರ ಸರಿಸಿ, ಏನಮ್ಮ ಇದರ ಹೆಸರು, ಎಂದರು. ಕೇಳಿದ ತಕ್ಷಣ ಅವರ ಕೈ ನಿಂತಿತು.

"ಇನ್ನೂ ಇಟ್ಟಿಲ್ಲ ಸಾರ್. ಹೊಸಿಲು ದಾಟಿಲ್ಲ," ಎಂದಳು ರತ್ನ.

ಹೆಡ್‌ಮೇಷ್ಟ್ರು ಟಿ.ಸಿ. ಪುಸ್ತಕ ತಿರುಗಿಸಿ ಸಹಿ ಮಾಡುವ ಜಾಗ ತೋರಿಸಿದರು. ಏಳನೇ ತರಗತಿಯವರೆಗೆ ಓದಿದ ಮಕ್ಕಳು ಅಲ್ಲಿ ಇಂಗ್ಲಿಷಿನಲ್ಲೇ ಸಹಿ ಮಾಡುವುದು ರೂಢಿ. ಮಕ್ಕಳಿಗೂ ಅದು ಹೆಮ್ಮೆ, ನನಗೂ. ಮೇಲಿನ ಸಾಲುಗಳಲ್ಲಿ ಎಲ್ಲರ ಹೆಸರೂ ಇಂಗ್ಲಿಷಿನಲ್ಲಿತ್ತು. ರತ್ನ ಕೂಸನ್ನು ಎಡಗಂಕುಳಿಗೆ ಬದಲಾಯಿಸಿಕೊಂಡು ಪೆನ್ನು ತೆಗೆದುಕೊಂಡಳು. ಒಂದು ಕ್ಷಣ ಆ ಸಾಲುಗಳನ್ನು ನೋಡಿದಳು. ಕನ್ನಡದಲ್ಲಿ ರತ್ನ ಎಂದು ಬರೆದಳು. ಎರಡೂ ಅಕ್ಷರ ಒಂದೇ ಎತ್ತರ. ಅಕ್ಷರದ ಮೇಲೆ ಊದುಬತ್ತಿಯ ಕಪ್ಪು ತಾಗದಂತೆ ಬೆರಳು ಎತ್ತಿ ಹಿಡಿದಿದ್ದಳು.

ಬರ್ತೀನಿ ಮಿಸ್ ಎಂದು ಹೊರಟಳು. ಬಾಗಿಲ ಹತ್ತಿರ ಕೂಸು ಕೆಳಗಿಳಿಯಲು ಒದ್ದಾಡಿತು. ಅವಳು ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಅದರ ಕಾಲು ತಾಗದ ಹಾಗೆ ನಮ್ಮ ಆಫೀಸಿನ ಹೊಸಿಲನ್ನು ದಾಟಿ ಹೋದಳು.